ಟಪಾಲು ಕೆಂಪು

ಅವರು ತೀರಿಕೊಂಡ ಸುದ್ದಿ ನನಗೆ ಪೋಸ್ಟ್‌ಕಾರ್ಡಿನಲ್ಲಿ ಬಂತು. ಕಂಪ್ಲಿಯಿಂದ, ಅವರ ಪಕ್ಕದ ಮನೆಯವರು ಬರೆದದ್ದು. ಕಾರ್ಡು ನನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದು ಹನ್ನೊಂದು ದಿನವಾಗಿತ್ತು. ಕೊನೆಯಲ್ಲಿ ಒಂದು ಸಾಲು: 'ಯಾರಿಗೂ ತಂತಿ ಕೊಡಬಾರದು ಅಂತ ಅವರೇ ಹೇಳಿದ್ದರು, ತಡವಾದದ್ದಕ್ಕೆ ಕ್ಷಮಿಸಬೇಕು.' ಕ್ಷಮಿಸುವುದೇನು ಬಂತು! ಅವರು ಹಾಗೆ ಹೇಳದೆ ಹೋಗಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಹೊಸಪೇಟೆಯವರೆಲ್ಲ ಅವರನ್ನು ನರ್ಸಮ್ಮ ಅನ್ನುತ್ತಿದ್ದರು. ಸ್ಟ್ರಿಕ್ಟ್ ಆಗಿ ಹೇಳಬೇಕೆಂದರೆ ಅವರು ನರ್ಸ್ ಅಲ್ಲ, ಸರ್ಟಿಫಿಕೇಟ್ ಇದ್ದ ಮಿಡ್‌ವೈಫ್. ಮದ್ರಾಸಿನಲ್ಲಿ ಟ್ರೇನಿಂಗ್ ಮುಗಿಸಿ, ಎರಡನೇ ಯುದ್ಧದ ಕಾಲಕ್ಕೆ ನಮ್ಮೂರಿಗೆ ಬಂದವರು. ಮೂವತ್ತೈದರ ಆಸುಪಾಸು, ಗಟ್ಟಿ ಎಲುಬು, ಕಡಿಮೆ ಮಾತು. ನಮ್ಮ ಹಿತ್ತಲಿನ ಆಚೆ ಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಹಣೆ ಬರಿದು, ಕೈ ಬರಿದು. ಕಿರಿಸ್ತಾನದಾಕೆ ಇರಬೇಕು ಎಂದು ಕೆಲವರು, ಆಸ್ಪತ್ರೆಯ ರೂಲ್ ಹಾಗಿರಬೇಕು ಎಂದು ಕೆಲವರು. ಜಾತಿ ಕೇಳಿದವರಿಗೆ ಅವರ ಉತ್ತರ ಒಂದೇ.

"ಹೆರಿಗಿ ಮುಗೀಲಿ ತಡೀರಿ, ಆಮ್ಯಾಲೆ ಹೇಳ್ತೀನಿ."

ಹೆರಿಗೆ ಮುಗಿದ ಮೇಲೆ ಕೇಳುವ ನೆನಪು ಯಾರಿಗೂ ಇರುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳೋಣವೆಂದರೆ, ವೆಲ್, ಟೂ ಲೇಟ್.

ಅವರು ಕೂತದ್ದನ್ನು ಯಾರೂ ನೋಡಿರಲಿಲ್ಲ. ಕುಂದ್ರಿ ಎಂದರೆ "ಕುಂತ್ರ ಏಳಬೇಕಾಗ್ತೈತಿ" ಎನ್ನುತ್ತಿದ್ದರು. ಕೈ ತೊಳೆಯುವುದು ಮೊಣಕೈವರೆಗೆ, ಕಾರ್ಬಾಲಿಕ್ ಸೋಪು ಹಚ್ಚಿ, ಒನ್ ಟೂ ಥ್ರೀ ಎಂದು ಇಂಗ್ಲಿಷಿನಲ್ಲಿ ನೂರಿಪ್ಪತ್ತರ ತನಕ ಎಣಿಸಿ. ಒಳಗೆ ಹೆರುವವಳು ಕಿರುಚುತ್ತಿರಲಿ, ಹೊರಗೆ ಅವಳ ತಾಯಿ ಕಾಲಿಗೆ ಬೀಳುತ್ತಿರಲಿ, ನೂರಾ ಹತ್ತೊಂಬತ್ತಕ್ಕೆ ನಿಲ್ಲಿಸಿದವರಲ್ಲ. ಅಳುವವರಿಗೆ ಹೇಳುತ್ತಿದ್ದದ್ದು, "ಅಳಾಕ ಟೈಮ್ ಐತಿ. ಮೊದ್ಲು ನೀರು ಕಾಸ್ರಿ." ಗಂಡು ಎಂದು ಹೇಳುವಾಗಲೂ ಹೆಣ್ಣು ಎಂದು ಹೇಳುವಾಗಲೂ ಅವರ ಮುಖ ಒಂದೇ ತರಹ. "ಆಕಿ ಮಾರಿ ನೋಡಿದ್ರ ಏನೂ ತಿಳಿಯಂಗಿಲ್ಲ ನೋಡು" ಎಂದು ಹೊಸಪೇಟೆಯ ಅತ್ತೆಯರೆಲ್ಲ ದೂರುತ್ತಿದ್ದರು.

ನನಗಾಗ ಹತ್ತೊಂಬತ್ತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಕ್ರೋಷೆಯನ್ನೂ ಪಿಯಾನೋದಲ್ಲಿ ಎರಡು ಟ್ಯೂನನ್ನೂ ಕಲಿತು, ಹೊಸಪೇಟೆಯ ವೈಷ್ಣವರ ಮನೆಗೆ ಸೊಸೆಯಾಗಿ ಬಂದಿದ್ದೆ. ಅಲ್ಲಿ ಪಿಯಾನೋ ಇರಲಿಲ್ಲ. ನನ್ನವರು ಮಿಲಿಟರಿ ಸ್ಟೋರ್ಸಿನಲ್ಲಿ ಗುಮಾಸ್ತರು. ಹಡಗು ಹತ್ತಿ ನಾಲ್ಕು ತಿಂಗಳಾಗಿತ್ತು, ಕಾಗದ ನಿಂತು ಎರಡು ತಿಂಗಳು. ನನಗೆ ಐದನೇ ತಿಂಗಳು. ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಅತ್ತೆ. ಅತ್ತೆ ವಿಧವೆ, ಮಡಿಯವರು, ಸಿಟ್ಟಿನವರು, ಆದರೆ ಫೇರ್.

ನರ್ಸಮ್ಮನಿಗೆ ಊರೂರು ತಿರುಗುವ ಕೆಲಸ. ಕಮಲಾಪುರ, ಕಡ್ಡಿರಾಂಪುರ, ಬುಕ್ಕಸಾಗರ ಎಲ್ಲ ಅವರ ಪಾಲಿಗೇ. ಎತ್ತಿನ ಗಾಡಿ ತಲುಪುವುದರೊಳಗೆ ಮಕ್ಕಳು ಹುಟ್ಟಿ ಹಸಿದಿರುತ್ತಿದ್ದವು. ಹೀಗಾಗಿ ಟಪಾಲು ಕಚೇರಿಯ ಹಳೆಯ ಸೈಕಲ್ಲು ಹರಾಜಿಗೆ ಬಂದಾಗ ಅದನ್ನು ಕೊಂಡರು. ಗಂಡಸರ ಸೈಕಲ್ಲು, ನಡುವೆ ಅಡ್ಡ ಕಂಬಿ. ಕಚ್ಚೆ ಸೀರೆಯವರಿಗೆ ಅದೇನು ತೊಂದರೆಯಲ್ಲ. ಊರ ಗಂಡಸರು ಒಂದು ವಾರ ನಿಂತು ನೋಡಿದರು, ಆಮೇಲೆ ಬೇಸರ ಬಂದು ಬಿಟ್ಟರು.

ತೊಂದರೆ ಇದ್ದದ್ದು ಬಣ್ಣದಲ್ಲಿ. ಮಡ್‌ಗಾರ್ಡಿನಿಂದ ಹ್ಯಾಂಡಲ್ಲಿನ ತನಕ ಟಪಾಲು ಕೆಂಪು. ನಮ್ಮ ಸೀಮೆಯಲ್ಲಿ ಆ ಕೆಂಪಿನ ಸೈಕಲ್ಲೆಂದರೆ ತಂತಿ ತರುವವನದು, ತಂತಿ ಎಂದರೆ ಸಾವು. ಮದುವೆ, ಕೂಸಿಗೆ ಹೆಸರಿಡುವ ಬಾರಸಿ, ಪಾಸಾದದ್ದು, ಇವಕ್ಕೆಲ್ಲ ಕಾರ್ಡು ಸಾಕಾಗಿತ್ತು. ಅದರ ಮೇಲೆ ಪಲ್ಟಣಿಗೆ ಹುಡುಗರು ಹೋಗಿದ್ದ ಕಾಲ. ಆ ಬಣ್ಣ ಬೀದಿಯ ತುದಿಯಲ್ಲಿ ಕಂಡರೆ ಹೆಂಗಸರು ಕುಟ್ಟುವ ಒನಕೆಯನ್ನು ಅರ್ಧಕ್ಕೇ ಹಿಡಿದು ನಿಲ್ಲುತ್ತಿದ್ದರು.

ಸೈಕಲ್ಲು ಕೊಂಡ ದಿನವೇ ನರ್ಸಮ್ಮ ನನ್ನನ್ನು ನೋಡಲು ಬಂದರು. ದಿನವೂ ಹಿತ್ತಲಿಂದ ಬರುವವರು, ಅಂದು ಆಸ್ಪತ್ರೆಯಿಂದ ನೇರ ಬಂದದ್ದರಿಂದ ಮುಂಬಾಗಿಲಿಗೆ ಬಂದರು. ಬಾಗಿಲ ಸಂದಿಯಿಂದ ಅತ್ತೆಗೆ ಕಂಡದ್ದು ಒಂದು ಕೆಂಪು ಮಡ್‌ಗಾರ್ಡು, ಅಷ್ಟೇ.

"ಹೋತೋ! ನನ್ನ ಮನಿ ದೀಪ ಹೋತೋ!" ಎಂದು ಅತ್ತೆ ಕುಸಿದರು.

ಎದುರು ಮನೆ ಅಕ್ಕಿ ಗಿರಣಿಯವರದು. ಆ ಮನೆಯ ಯಜಮಾನಿ ಭಾರಿ ಎಫಿಶಿಯಂಟ್ ಹೆಂಗಸು. ಓಡಿ ಬಂದವಳೇ "ಅಯ್ಯೋ ನನ್ನ ತಂಗೀ" ಎಂದು ಒದರುತ್ತ ನನ್ನ ಎಡಗೈ ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದಳು. ಏಳು ಹಸಿರು ಬಳೆ. ಇಂಥದಕ್ಕೆ ಹತ್ತನೇ ದಿನ ಎಂದು ಒಂದು ಪದ್ಧತಿ ಇದೆ, ಆದರೆ ಆಕೆಗೆ ಕಾಯುವ ಸ್ವಭಾವವಿರಲಿಲ್ಲ. ಬಲಗೈಗೆ ಕೈ ಹಾಕುವಷ್ಟರಲ್ಲಿ ನರ್ಸಮ್ಮ ಒಳಗೆ ಬಂದು ಗುಂಪಿನ ನಡುವೆ ನಿಂತರು.

"ಏನಾತು? ಐದನೇ ತಿಂಗಳ ಪೇಶಂಟನ್ನ ಹಿಂಗ ಜಗ್ಗಬಾರ್ದು."

"ತಂತಿ ಬಂದೈತ್ರೀ ನರ್ಸಮ್ಮಾ!"

"ಎಲ್ಲೈತಿ?"

"ಹೊರಗ ಸೈಕಲ್ ನಿಂತೈತಲ್ರೀ!"

"ಅದು ನಂದು."

ಎಲ್ಲ ಸೇರಿ ಅರ್ಧ ನಿಮಿಷ ಆಗಿರಬಹುದು. ಅಷ್ಟರಲ್ಲಿ ನನ್ನ ಎಡಗೈ ವಿಧವೆಯಾಗಿತ್ತು, ಬಲಗೈ ಮುತ್ತೈದೆಯಾಗಿಯೇ ಇತ್ತು. ಗಿರಣಿಯವಳು "ಮೊದ್ಲ ಹೇಳಬಾರ್ದೇನ್ರಿ!" ಎಂದು ನರ್ಸಮ್ಮನನ್ನೇ ಗದರಿ, ಒಲೆಯ ಮೇಲೆ ಅನ್ನ ಇದೆ ಎಂದು ಹೊರಟುಹೋದಳು.

ನಾನು ಪೆಟ್ಟಿಗೆಯಿಂದ ಬೇರೆ ಬಳೆ ತೆಗೆಯಲು ಹೋದೆ. ಅತ್ತೆ ತಡೆದರು.

"ಬ್ಯಾಡ. ಒಮ್ಮೆ ಹೀಂಗ ಒಡದ ಬಳಿ ಸುಮ್ನ ತಿರುಗಿ ಹಾಕ್ಕೊಳ್ಳೋದಲ್ಲ. ಅವನ ಕಡಿಂದ ಒಂದು ಅಕ್ಷರ ಬರ್ಲಿ. ಅಲ್ಲೀತನಕ ಎಡಗೈ ಹಾಂಗಽ ಇರ್ಲಿ."

ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನು ಸೂಪರ್‌ಸ್ಟಿಷನ್ ಎನ್ನುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡೆ. ಅಂದುಕೊಂಡು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ನೀರು ಸೇದುವಾಗ ಒಂದು ಕೈ ಸದ್ದು ಮಾಡುತ್ತಿತ್ತು, ಇನ್ನೊಂದು ಸುಮ್ಮನಿರುತ್ತಿತ್ತು. ಎರಡು ತಿಂಗಳು ಕಾಗದವಿಲ್ಲದೆ ನಾನು ಧೈರ್ಯವಾಗಿಯೇ ಇದ್ದೆ. ಆ ಸದ್ದಿಲ್ಲದ ಕೈಯೊಂದು ನನಗೆ ದಿನಕ್ಕೆ ನೂರು ಬಾರಿ ಕೇಳುತ್ತಿತ್ತು: ಇದ್ದಾರೋ, ಇಲ್ಲವೋ?

ನರ್ಸಮ್ಮ ಆ ದಿನ ಸಾರಿ ಗೀರಿ ಏನೂ ಹೇಳಲಿಲ್ಲ. ನನ್ನ ಹೊಟ್ಟೆ ನೋಡಿ, ಮಗು ಚೆನ್ನಾಗಿದೆ ಎಂದರು. ಆಮೇಲೆ ಬಗ್ಗಿ, ಬಾಗಿಲಲ್ಲಿ ಬಿದ್ದಿದ್ದ ಬಳೆಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಕತ್ತರಿ ಇಡುವ ತಮ್ಮ ಎನಾಮಲ್ ಟ್ರೇಗೆ ಹಾಕಿಕೊಂಡರು. "ಹೊಳಿಗೆ ಹಾಕಬೇಕವಾ ಅವನ್ನ, ಎಲ್ಲೆರ ಚೆಲ್ಲಬ್ಯಾಡ" ಎಂದರು ಅತ್ತೆ. "ಹ್ಞೂಂರಿ" ಎಂದು ತೆಗೆದುಕೊಂಡು ಹೋದರು.

ಮೂರು ವಾರದಲ್ಲಿ ನಮ್ಮ ಬೀದಿಯವರಿಗೆ ಆ ಕೆಂಪು ಅಭ್ಯಾಸವಾಯಿತು. ಗಂಟೆ ಕೇಳಿದರೆ ಮಕ್ಕಳು "ನರ್ಸಮ್ಮ ಬಂದ್ಳು!" ಎಂದು ಕೂಗುವುದು, ಹೆಂಗಸರು ತಲೆಯೆತ್ತದೆ ಅಕ್ಕಿ ಆರಿಸುವುದು. ಹಳ್ಳಿಗಳಲ್ಲಿ ಹಾಗಾಗಲಿಲ್ಲ. ಕಡ್ಡಿರಾಂಪುರದಲ್ಲಿ ಅವರು ದಾಟಿಹೋದ ಮೇಲೂ ಅಳು ನಿಲ್ಲುತ್ತಿರಲಿಲ್ಲವಂತೆ. ಪ್ರತಿ ಮನೆಯವರೂ ಪಕ್ಕದ ಮನೆಗೆ ಬಂತೆಂದು ತಿಳಿದು ಸಮಾಧಾನ ಹೇಳಲು ಹೋಗುತ್ತಿದ್ದರಂತೆ.

ಬುಕ್ಕಸಾಗರದಲ್ಲಿ ಒಬ್ಬ ಮುದುಕ ಬಾಗಿಲಿಗೆ ಅಗಳಿ ಹಾಕಿ ಒಳಗಿಂದಲೇ ಮಾತಾಡಿದ. ಅವನ ಮಗ ಪಲ್ಟಣಿಯಲ್ಲಿದ್ದ. ಸೊಸೆ ಒಳಗೆ ನೋವು ತಿನ್ನುತ್ತಿದ್ದಳು.

"ನಾನು ತಗೊಳ್ಳಂಗಿಲ್ಲ. ನಾ ತಗೊಳ್ಳೋತನಕ ನನ್ನ ಮಗ ಸತ್ತಿಲ್ಲ. ಹೋಗು!"

"ಅಜ್ಜಾರ, ನಾ ತಂತಿ ತಂದಿಲ್ರಿ. ಕೂಸು ಹಿಡಿಯಾಕಿ ನಾನು."

"ಅದನ್ನೂ ತಗೊಳ್ಳಂಗಿಲ್ಲ!"

ಕಾಲು ಗಂಟೆ ಹೀಗೇ ನಡೆಯಿತು. ಕೊನೆಗೆ ಬಾಗಿಲು ತೆಗೆಸಿದ್ದು ಒಳಗಿನ ಸೊಸೆಯ ಕಿರುಚಾಟ. ಮಗು ತಾನಾಗಿಯೇ ಹುಟ್ಟಿತ್ತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿತ್ತು. ಬದುಕಿತು. "ಅದರ ಪುಣ್ಯ, ನಂದೇನಿಲ್ಲ" ಎಂದರು ನರ್ಸಮ್ಮ, ನನಗೆ ಹೇಳುವಾಗ. ಅಂದೇ ಸಂಜೆ ನಮ್ಮ ಹಿತ್ತಲಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು.

"ಇದರ ಮೇಲೇ ಬೇರೆ ಬಣ್ಣ ಬಳಿದರಾಯಿತಲ್ಲ?" ಎಂದು ನಾನು ಕೇಳಿದೆ.

"ಕಲ್ಲು ಬಡದಲ್ಲೆಲ್ಲ ಕೆಂಪು ಇಣಕ್ತೈತಿ. ಕೀವು ಒಳಗಿಟ್ಟು ಮ್ಯಾಲೆ ಹೊಲಿಗಿ ಹಾಕ್ತಾರೇನು?"

ಚಕ್ರ, ಚೈನು, ಸೀಟು ಎಲ್ಲ ಬಿಚ್ಚಿ ತುಳಸಿಕಟ್ಟೆಗೆ ಒರಗಿಸಿದರು. ಫ್ರೇಮನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿದರು. ಯುದ್ಧಕಾಲದಲ್ಲಿ ಬಣ್ಣ ತೆಗೆಯುವ ಔಷಧಿ ಎಲ್ಲಿಂದ ಬರಬೇಕು? ಎಲೆಯಡಿಕೆಯ ಸುಣ್ಣ, ಅಗಸರು ಬಟ್ಟೆಗೆ ಹಾಕುವ ಸವಳು ಮಣ್ಣು, ಒಂದು ಹಿಡಿ ವಾಷಿಂಗ್ ಸೋಡಾ, ಜಾರದಂತೆ ಹಿಡಿದಿಡಲು ಗಂಜಿ. ಅದನ್ನೆಲ್ಲ ಕಲಸಿ ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಕಂಬಿಗಳಿಗೆ ದಪ್ಪಗೆ ಬಳಿದರು. ಒಣಗಬಾರದೆಂದು ಮೇಲೆ ಒದ್ದೆ ಬಾಳೆಪಟ್ಟೆ ಸುತ್ತಿದರು. ಹೊಸಪೇಟೆಯಲ್ಲಿ ಬಾಳೆಗೆ ಬರವಿಲ್ಲ. ಅದರ ಮೇಲೆ ಹಳೆಯ ಬ್ಯಾಂಡೇಜು, ಕೊನೆಗೊಂದು ನೀಟಾದ ಗಂಟು.

ಅತ್ತೆ ಬಂದು ನೋಡಿದರು. "ಇದೇನವಾ, ಹೆಣ ಕಟ್ಟಿದಾಂಗ ಕಟ್ಟಿ?"

"ಗಾಯ ಕಟ್ಟಿದಂಗ ಅನ್ರಿ."

ಮರುದಿನ ಬಿಚ್ಚಿದಾಗ ಕೆಂಪು ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ತೆಂಗಿನ ಕರಟದ ಅಂಚಿನಿಂದ ಕೆರೆದರೆ ಉದ್ದುದ್ದ ಪದರಾಗಿ ಬಂತು. ಬಾರದಿದ್ದಲ್ಲಿ ಮತ್ತೆ ಲೇಪ, ಮತ್ತೆ ಕಟ್ಟು. ಹೀಗೆ ಮೂರು ಡ್ರೆಸಿಂಗ್. ಸುಣ್ಣ ತಿಂದು ಅವರ ಬೆರಳುಗಳು ಹುಣ್ಣಾದವು. ಅದಕ್ಕೆ ಹರಳೆಣ್ಣೆ ಹಚ್ಚಿ, ಗಾಯದ ಬೆರಳನ್ನು ಹೆರಿಗೆಗೆ ತರಬಾರದೆಂದು ಐದು ದಿನ ಆಸ್ಪತ್ರೆಗೆ ರಜೆ ಹಾಕಿದರು. ಅವರು ರಜೆ ಹಾಕಿದ್ದು ಅದೊಂದೇ ಸಲ, ಅದೂ ಕೆಲಸ ಮಾಡಲಿಕ್ಕೆ.

ಉದ್ದ ಕಂಬಿ ಸುಲಭ. ಮೂರು ಕಂಬಿ ಕೂಡುವ ಸಂದಿಗಳಲ್ಲಿ ಮಾತ್ರ ಕೆಂಪು ಬಿಡಲಿಲ್ಲ. ಕರಟ ಹೋಗದು, ಚಾಕು ಹೋಗದು. ನರ್ಸಮ್ಮ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಎನಾಮಲ್ ಟ್ರೇ ತಂದರು. ಅದರಲ್ಲಿ ನನ್ನ ಬಳೆಚೂರುಗಳು.

"ನಿನ್ನವಽ. ತಗೋ. ಬಾಗಿದ ಗಾಜು, ಸಂದಿಗೆ ಸರಿಯಾಗಿ ಕೂಡ್ತೈತಿ. ಕೈ ನಡುಗಬಾರ್ದು."

ಬೆರಳಿಗೆ ಬಟ್ಟೆ ಸುತ್ತಿಕೊಂಡು ನಾನು ಆ ಹಸಿರು ಚೂರುಗಳಿಂದ ಕೆಂಪನ್ನು ಕೆರೆದೆ. ವಂಡರ್‌ಫುಲ್ ಆಗಿ ಕೂಡಿದವು. ಕೆರೆಯುತ್ತ ಕೆರೆಯುತ್ತ ಮೂರು ವಾರದಲ್ಲಿ ಮೊದಲ ಬಾರಿಗೆ ನನಗೆ ಎಡಗೈಯ ನೆನಪು ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಅಲ್ಲವಾ, ಅವು ಹೊಳಿಗೆ ಹಾಕೋವು."

"ಹಾಕೋಣ್ರಿ. ಇನ್ನೂ ಕೆಲಸ ಐತಿ ಅವಕ್ಕ."

ಹುಣಸೆಹಣ್ಣಿನ ನೀರಿನಿಂದ ತಿಕ್ಕಿ ತೊಳೆದಾಗ ಉಳಿದದ್ದು ಬೂದಿ ಬಣ್ಣದ ಬರಿಯ ಕಬ್ಬಿಣ. ತುಕ್ಕು ಹಿಡಿಯುವ ಮೊದಲೇ, ಅಂದೇ, ಬಣ್ಣ ಆಗಬೇಕು. ಬಣ್ಣ ಸೊಂಡೂರಿನಿಂದ ಬಂದಿತ್ತು. ಅಲ್ಲಿಯ ಒಬ್ಬ ಗುತ್ತಿಗೆದಾರರ ಹೆಂಡತಿಗೆ ನರ್ಸಮ್ಮ ಅವಳಿ ಮಕ್ಕಳನ್ನು ಹೆರಿಸಿದ್ದರು. ಯಾವುದೋ ಬಂಗಲೆಗೆ ಬಳಿದು ಉಳಿದ ಡಬ್ಬಿಯನ್ನು ಅವರು ಕಳಿಸಿದ್ದರು. ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಲು ನನ್ನನ್ನು ಕರೆದರು.

"ಡಕ್ ಎಗ್ ಬ್ಲೂ" ಎಂದು ಓದಿದೆ. ಅತ್ತೆ ಅರ್ಥ ಕೇಳಿದರು. ನಾನು ಕಾನ್ವೆಂಟಿನ ಹುಡುಗಿ, ಸುಳ್ಳು ಹೇಳಬಾರದೆಂದು ಬಾತುಕೋಳಿಯ ಮೊಟ್ಟೆ ಎಂದೆ.

"ಮೊಟ್ಟಿ ನನ್ನ ತುಳಸಿ ಮುಂದ ಬ್ಯಾಡ!"

"ಮೊಟ್ಟಿ ಇಲ್ರಿ ಇದರಾಗ, ಹೆಸರಷ್ಟಽ" ಎಂದರು ನರ್ಸಮ್ಮ.

"ಹೆಸರು ಬ್ಯಾರೆ ಇಡ್ರಿ."

ಆಕಾಶ ಬಣ್ಣ ಎಂದು ಇಟ್ಟೆವು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಫಾರ್ ಇಂಟೀರಿಯರ್ ಯೂಸ್ ಓನ್ಲಿ. ಮನೆಯೊಳಗಿನ ಕೆಲಸಕ್ಕೆ ಮಾತ್ರ ಎಂದು ವಿವರಿಸಿದೆ. "ನಾನೂ ಒಳಗಿನ ಕೆಲಸಕ್ಕಽ ಹೋಗೋದು" ಎಂದು ಅವರು ಡಬ್ಬಿ ತೆರೆದರು. (ಮುಂದಿನ ಮಳೆಗಾಲಕ್ಕೇ ಅದು ಸಿಪ್ಪೆ ಎದ್ದಿತು. ಒಪ್ಪಿಕೊಳ್ಳಲಿಲ್ಲ, ವರ್ಷಕ್ಕೊಮ್ಮೆ ಮತ್ತೆ ಬಳಿದರು.)

ಸ್ಪ್ರೇ ಮಾಡಲು ಸೊಳ್ಳೆ ಔಷಧಿಯ ಕೈಪಂಪು. ಬಣ್ಣವನ್ನು ಸೀಮೆಎಣ್ಣೆಯಲ್ಲಿ ತೆಳುಮಾಡಿ, ಹಳೆಯ ಧೋತರದಲ್ಲಿ ಸೋಸಿ, ಅದಕ್ಕೆ ತುಂಬಿದರು. ಮೊದಲು ದನದ ಕೊಟ್ಟಿಗೆಯ ಗೋಡೆಗೆ ಹೊಡೆದು ನೋಡಿದರು. ಅಷ್ಟರಲ್ಲಿ ಹಸು ಕತ್ತು ಹೊರಳಿಸಿತು. ದೀಪಾವಳಿಯ ತನಕ ನಮ್ಮ ಹಸುವಿನ ಒಂದು ಕೊಂಬು ಆಕಾಶ ಬಣ್ಣದ್ದೇ.

ಅರ್ಧ ಫ್ರೇಮು ಮುಗಿದಿತ್ತು. ಆಗ ಮುಂದಿನ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿತು.

"ನರ್ಸಮ್ಮ ಬಂದ್ಳು! ನರ್ಸಮ್ಮನ ಕೆಂಪು ಗಾಡಿ ಬಂತು!" ಎಂದು ಮಕ್ಕಳು ಕೂಗಿದವು.

"ನರ್ಸಮ್ಮಾರ, ಹಂಗಽ ನಮ್ಮ ಮನಿಗೂ ಬಂದು ಹೋಗ್ರಿ" ಎಂದು ಎದುರಿನಿಂದ ಗಿರಣಿಯವಳ ದನಿ. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ, ಹಿತ್ತಲಲ್ಲಿ ಬಿಚ್ಚಿಟ್ಟದ್ದನ್ನು ಮರೆತು, ಅಭ್ಯಾಸದ ಮೇಲೆ ಕೂತಲ್ಲಿಂದಲೇ, "ಸೈಕಲ್ ಒಳಗ ತರಬ್ಯಾಡವಾ, ಈಗ ಸಾರಿಸೀನಿ" ಎಂದರು. ಯಾರೂ ಅಳಲಿಲ್ಲ. ಯಾರೂ ಏಳಲಿಲ್ಲ.

ನರ್ಸಮ್ಮ ನನ್ನ ಎದುರಿಗೇ ಪಂಪು ಹಿಡಿದು ನಿಂತಿದ್ದರು. ಅವರ ಸೈಕಲ್ಲು ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲೆ ಮಲಗಿತ್ತು. ನಾನು ತುಳಸಿಕಟ್ಟೆಯ ಕಡೆ ತಿರುಗಿ ಚಕ್ರ ಎಣಿಸಿದೆ. ಎರಡೂ ಅಲ್ಲೇ ಇದ್ದವು.

ಇಡೀ ಬೀದಿಯಲ್ಲಿ ಆ ಹೊತ್ತಿಗೆ ನಿಜ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ ಎನ್ನುತ್ತಿದ್ದರಲ್ಲ, ಅಂದು ನನಗೆ ಎಲ್ಲ ತಿಳಿಯಿತು. ಅವರು ಪಂಪು ಕೆಳಗಿಟ್ಟು ಮುಂದೆ ನಡೆದರು, ನಾನು ಹಿಂದೆ. ಬಾಗಿಲಲ್ಲಿ ತಂತಿಯವನು ಲಕೋಟೆ ಹಿಡಿದು ನಿಂತು, ನನ್ನವರ ಮನೆತನದ ಹೆಸರು ಹೇಳಿ, ಇದೇ ಮನೆಯೇನ್ರಿ ಎಂದ. ನರ್ಸಮ್ಮನೇ ಈಸಿಕೊಂಡರು. ಲಕೋಟೆ ಒಡೆಯದೆ ನನ್ನ ಕಡೆ ಚಾಚಿದರು.

"ನೀನಽ ಓದು. ಇಂಗ್ಲಿಷ್ ಕಲತದ್ದು ಇದಕ್ಕಽ ಅಂತ ತಿಳಕೋ."

ಓದಿದೆ. ಸಿಸ್ಟರ್‌ಗಳು ಡಿಕ್ಟೇಷನ್ ಕೊಟ್ಟಂತೆ ಒಂದೊಂದೇ ಪದ, ಜೋರಾಗಿ. ರೀಚ್ಡ್ ಬಾಂಬೆ. ಫೀವರ್ ಬೆಟರ್. ಲೆಟರ್ ಫಾಲೋಸ್. ಮೂರು ಸಲ ಓದಿದೆ. ಮೂರು ಸಲವೂ ಅಷ್ಟೇ ಇತ್ತು.

ಅತ್ತೆ ಎದ್ದು ಬಂದರು. "ಏನಽ ಅದು?"

"ಅವರು ಮುಂಬಯಿಗೆ ಬಂದಿದ್ದಾರಂತೆ. ಜ್ವರ ಇತ್ತಂತೆ, ಈಗ ಕಡಿಮೆ."

"ಯಾರು ಹೇಳಿದ್ರು?"

"ಅವರೇ. ತಂತಿ ಕೊಟ್ಟಿದ್ದಾರೆ."

"ಮತ್ತ ಆ ಸೈಕಲ್ಲು?"

"ತಂತಿಯವನದು."

ಹೆದರಬೇಕಾದ ಹೊತ್ತೆಲ್ಲ ಮುಗಿದ ಮೇಲೆ ಅತ್ತೆಗೆ ಹೆದರಿಕೆ ಬಂತು. ಗೋಡೆ ಹಿಡಿದುಕೊಂಡರು. ನನ್ನವರು ಆಮೇಲೆ ನಲವತ್ತೊಂದು ವರ್ಷ ಬದುಕಿದರು, ನಲವತ್ತೊಂದು ವರ್ಷವೂ ಸಾರಿಗೆ ಉಪ್ಪು ಕಡಿಮೆ ಎಂದರು. ನಾನು ಒಮ್ಮೆಯೂ ಎದುರಾಡಲಿಲ್ಲ.

ನರ್ಸಮ್ಮನ ಕಡೆ ನೋಡಿದರೆ, ಅವರು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

ಅತ್ತೆ ದೇವರ ಮನೆಗೆ ಹೋಗಿ ಬಂದರು. ಕೈಯಲ್ಲಿ ಅರಿಶಿನ ದಾರದಲ್ಲಿ ಕಟ್ಟಿದ ಏಳು ಹಸಿರು ಬಳೆ. "ಅವತ್ತಽ ತರಿಸಿ ಇಟ್ಟಿದ್ದೆ" ಎಂದರು, ಯಾರ ಮುಖವನ್ನೂ ನೋಡದೆ. ಅವರು ವಿಧವೆ, ಅವರು ತೊಡಿಸುವಂತಿಲ್ಲ. ಸುದ್ದಿ ತಿಳಿದು ಬಂದು ನಿಂತಿದ್ದ ಗಿರಣಿಯವಳು ಕೈ ಚಾಚಿದಳು. "ತರ್ರಿ, ನಾ ಹಾಕ್ತೀನಿ."

"ಬ್ಯಾಡವಾ. ನಿನ್ನ ಕೈಗೆ ಅವಸರ ಭಾಳ." ಅತ್ತೆ ಕಟ್ಟೆಯ ಕಡೆ ತಿರುಗಿದರು. "ನೀ ಬಾರವಾ. ನೀ ಹಾಕು."

ನರ್ಸಮ್ಮ ಎದ್ದು ನಿಂತರು. "ನಾ ಹಾಕಬಾರ್ದ್ರಿ."

"ಯಾಕ?"

ಅವರು ಬೀದಿಯ ತುದಿಗೆ ನೋಡಿದರು. ಕೆಂಪು ಸೈಕಲ್ಲು ಅಲ್ಲಿ ತಿರುಗುತ್ತಿತ್ತು.

"ನನಗೂ ಒಮ್ಮೆ ಬಂದಿತ್ರಿ, ತಂತಿ. ಟ್ರೇನಿಂಗಿಗೆ ಹೋಗೋಕಿಂತ ಮೊದ್ಲು."

ಗಿರಣಿಯವಳು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಆ ಕೈಗಳನ್ನೇ ನೋಡುತ್ತಿದ್ದರು. ಸುಣ್ಣ ತಿಂದ ಬೆರಳು, ಉಗುರಿನ ಸಂದಿಯಲ್ಲಿ ಕೆಂಪು, ಮಣಿಕಟ್ಟಿನ ತನಕ ಆಕಾಶ ಬಣ್ಣ.

"ಕೈ ತೊಳಕೊಂಡೀಯೇನು?" ಎಂದು ಕೇಳಿದರು.

"ಇಲ್ರಿ."

"ತೊಳಕೊಂಡು ಬಾ ಮತ್ತ. ಮೊಣಕೈ ಮಟ."

ನರ್ಸಮ್ಮ ಬಾವಿಯ ಕಲ್ಲಿನ ಹತ್ತಿರ ಹೋದರು. ನಾನು ನೀರು ಹಾಕಿದೆ, ಅವರು ಸೋಪು ಹಚ್ಚಿ ಒನ್, ಟೂ, ಥ್ರೀ ಎಂದು ಶುರು ಮಾಡಿದರು. ನೀಲಿ ಹೋಗಲಿಲ್ಲ. ಅರವತ್ತಾಗುವ ಹೊತ್ತಿಗೆ ಅತ್ತೆ, "ಸಾಕು ಬಾರವಾ, ಸ್ವಚ್ಛ ಆಗ್ಯಾವ" ಎಂದು ಕರೆದರು.

ಅವರು ನಿಲ್ಲಿಸಲಿಲ್ಲ. ನೂರಿಪ್ಪತ್ತಾದ ಮೇಲೆಯೇ ಬಂದು ನನ್ನ ಎಡಗೈ ಹಿಡಿದರು.